ಮಕ್ಕಳ ಸಂತೆಯೂ ಚಂದಯ್ಯನವರ ಹಗ್ಗವೂ

ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನವರದು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರುವ ಕಾಯಕ. ಆ ಹಗ್ಗಕ್ಕೆ ಬಸವಣ್ಣನವರು ಸಲ್ಲಬೇಕಾದುದಕ್ಕಿಂತ ಬಹಳ ಹೆಚ್ಚಿನ ಹಣ ಕೊಟ್ಟಾಗ ಚಂದಯ್ಯನವರು ಅದನ್ನು ಒಪ್ಪಲಿಲ್ಲವೆಂಬ ಕಥೆ ಶರಣ ಪರಂಪರೆಯಲ್ಲಿ ಬಂದಿದೆ. ಕೊಟ್ಟವರು ಬಿಜ್ಜಳನ ಭಂಡಾರಿಗಳು, ಕೊಟ್ಟದ್ದು ಭಕ್ತಿಯಿಂದ. ಆದರೂ ಹಗ್ಗದ ಬೆಲೆ ಅದಕ್ಕೆ ಹಿಡಿದ ಶ್ರಮಕ್ಕೆ ತಕ್ಕಷ್ಟೇ ಇರಬೇಕೆಂಬುದು ಚಂದಯ್ಯನವರ ನಿಲುವು. ಪ್ರವಚನಗಳಲ್ಲಿ ಈ ಕಥೆಯನ್ನು ನಿರ್ಮೋಹಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ವಾಸ್ತವವಾಗಿ ಅದು ಲೆಕ್ಕದ ಕಥೆಯೂ ಹೌದು. ತನ್ನ ದುಡಿಮೆಗೆ ಎಷ್ಟು ಸಲ್ಲಬೇಕೆಂಬುದನ್ನು ಖಚಿತವಾಗಿ ಬಲ್ಲವನು ಮಾತ್ರ ಹೆಚ್ಚಾಯಿತೆಂದು ಹೇಳಬಲ್ಲನು, ಕಡಿಮೆಯಾಯಿತೆಂದೂ ಹೇಳಬಲ್ಲನು.

ಮಕ್ಕಳಿಗೆ ಹಣದ ವಿಚಾರವನ್ನು ತಿಳಿಸುವಾಗ ಮೊದಲು ತಿಳಿಸಬೇಕಾದುದು ಇದನ್ನೇ. ಆದರೆ ಮನೆಗಳಲ್ಲಿ ಹಣದ ಪಾಠವೆಂದರೆ ಬಹುಮಟ್ಟಿಗೆ ಮಣ್ಣಿನ ಹುಂಡಿಯಷ್ಟೆ. ಹುಂಡಿ ಒಳ್ಳೆಯದೇ. ಅದು ಕೂಡಿಡುವುದನ್ನು ಕಲಿಸುತ್ತದೆ. ಆ ನಾಣ್ಯ ಯಾರ ಬೆವರಿನಿಂದ ಬಂತು, ಮುಂದೆ ಯಾರ ಕೈ ಸೇರಬೇಕು ಎಂಬುದನ್ನು ಕಲಿಸದು.

ಚಟುವಟಿಕೆಯ ಮೂಲಕ ಕಲಿಸುವ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಆರಂಭವಾದುದು ಇದೇ ಸೀಮೆಯ ಹೆಗ್ಗಡದೇವನಕೋಟೆಯಲ್ಲಿ. ಇಂದು ನಾಡಿನ ಅನೇಕ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳವೂ ಅದೇ ಮನೋಧರ್ಮದ್ದು. ಮಕ್ಕಳು ಮನೆಯಿಂದ ಸೊಪ್ಪು, ತರಕಾರಿ, ತೆಂಗಿನಕಾಯಿ, ಕಡಲೆಕಾಯಿಗಳನ್ನು ತಂದು ಶಾಲೆಯ ಅಂಗಳದಲ್ಲಿ ಮಾರುತ್ತಾರೆ. ತೂಗುವುದು, ಚಿಲ್ಲರೆ ಕೊಡುವುದು, ಗಿರಾಕಿಯೊಡನೆ ಮಾತನಾಡುವುದು, ಇವೆಲ್ಲ ಪುಸ್ತಕದಿಂದ ಬಾರದ ವಿದ್ಯೆ. ಪೋಷಕರೂ ಉತ್ಸಾಹದಿಂದ ಕೊಳ್ಳುತ್ತಾರೆ.

ತೊಡಕಿರುವುದು ಕೊನೆಯ ಲೆಕ್ಕದಲ್ಲಿ. ಒಂದು ಮಗು ಕಟ್ಟಿಗೆ 10 ರೂಪಾಯಿಯಂತೆ 20 ಕಟ್ಟು ಸೊಪ್ಪು ಮಾರಿತೆನ್ನೋಣ. ಕೈಗೆ ಬಂದುದು 200 ರೂಪಾಯಿ. ಸೊಪ್ಪು ಮನೆಯದೇ ಆದುದರಿಂದ 200 ರೂಪಾಯಿಯೂ ಲಾಭವೆಂದು ಮಗು ಹೇಳುತ್ತದೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಬೀಜಕ್ಕೆ, ಗೊಬ್ಬರಕ್ಕೆ ಎಷ್ಟಾಯಿತು? ಬೆಳಗಿನ ಮಂಜಿನಲ್ಲಿ ಸೊಪ್ಪು ಕಿತ್ತು ಕಟ್ಟು ಕಟ್ಟಿದ ತಾಯಿಯ ಕೂಲಿ ಎಲ್ಲಿ? ತಾಯಿಯ ದುಡಿಮೆಗೆ ಬೆಲೆಯಿಲ್ಲವೆಂಬ ಪಾಠವನ್ನು ಯಾರೂ ಬೇಕೆಂದು ಕಲಿಸಿಲ್ಲ, ಆದರೂ ಮಗು ಕಲಿತುಬಿಟ್ಟಿತು! ದೊಡ್ಡವರ ಲೆಕ್ಕವೂ ಇದಕ್ಕಿಂತ ಭಿನ್ನವಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನು ಸೌದೆಗೆ, ಗೊಬ್ಬರಕ್ಕೆ ಕೊಟ್ಟುದನ್ನು ಬರೆದಿಡುತ್ತಾನೆ. ಎಲೆ ಪೋಣಿಸಿ, ರಾತ್ರಿಯಿಡೀ ಬ್ಯಾರನ್ನಿನ ಉರಿ ಕಾಯ್ದ ಮನೆಮಂದಿಯ ಕೂಲಿಯನ್ನು ಎಷ್ಟು ಮಂದಿ ಬರೆಯುತ್ತಾರೆ? ಮೇಳದ ಮರುದಿನ ಅರ್ಧ ಗಂಟೆ ಕುಳಿತು, ಮಕ್ಕಳಿಂದಲೇ ಮನೆಯವರ ಶ್ರಮವನ್ನೂ ಸೇರಿಸಿ ಲೆಕ್ಕ ಬರೆಸಿದರೆ 200 ರೂಪಾಯಿಯ ಲಾಭ ಕುಗ್ಗಬಹುದು, ನಷ್ಟವೆಂದೇ ತೋರಬಹುದು. ತೋರಲಿ. ಚಂದಯ್ಯನವರ ಹಗ್ಗ ಮಕ್ಕಳಿಗೆ ಅರ್ಥವಾಗುವುದು ಆಗಲೇ.

ಈ ಲೆಕ್ಕ ಬಂದ ಮಗುವಿಗೆ ಊರಿನ ಅಂಗಡಿಯೂ ಬೇರೆಯಾಗಿ ಕಾಣುತ್ತದೆ. ಬುಟ್ಟಿಗೆ ಇಷ್ಟೊಂದು ಬೆಲೆಯೇಕೆ ಎಂದು ಕೇಳುವ ಮೊದಲು ಬಿದಿರು ಸೀಳಿದ ಕೈಯನ್ನು ಅದು ನೋಡೀತು. ಮೇದಾರರು, ಕಮ್ಮಾರರು, ದರ್ಜಿಗಳು ಮಕ್ಕಳ ಸಂತೆಗೆ ಬಂದು ತಮ್ಮ ಸರಕಿನ ಬೆಲೆ ಹೇಗೆ ಕೂಡಿಬರುತ್ತದೆಂದು ಹೇಳುವಂತಾದರೆ ಎಷ್ಟು ಚೆನ್ನ. 2016ರಲ್ಲಿ ಯುಪಿಐ ಬಂದ ಮೇಲೆ ಹಣವು ಮಗುವಿನ ಕಣ್ಣಿಗೆ ಬೀಳುವುದೇ ಅಪರೂಪ. ಫೋನು ಚೀಟಿಯ ಮುಂದೆ ಹಿಡಿದರೆ ಸಾಮಾನು ಬರುತ್ತದೆ. ಆದುದರಿಂದ ಮಗುವಿನ ಕೈಗೆ 50 ರೂಪಾಯಿಯ ನೋಟು ಕೊಟ್ಟು ಊರಿನ ಅಂಗಡಿಗೇ ಕಳುಹಿಸುವುದು ಸಣ್ಣ ಮಾತಲ್ಲ.

ಊರಿನವರಲ್ಲಿ ಕೊಳ್ಳುವುದೆಂದರೆ ಜಾತಿಯವರಲ್ಲಿ ಕೊಳ್ಳುವುದೆಂದು ಕೆಲವರು ತಿಳಿದಿದ್ದಾರೆ. ಮೇದಾರ ಕೇತಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯನವರನ್ನು ಸ್ಮರಿಸುವ ಬಾಯಿಂದ ಈ ಮಾತು ಬರಬಾರದು. ಮಗು ‘ನಮ್ಮವರ ಅಂಗಡಿ’ ಎಂಬುದನ್ನು ಯಾವ ಅರ್ಥದಲ್ಲಿ ಕಲಿಯುತ್ತದೆಂಬುದು ಮನೆಯ ಜಗಲಿಯ ಮಾತುಗಳಲ್ಲೇ ತೀರ್ಮಾನವಾಗುತ್ತದೆ. ಹಾಗೆಯೇ, ಊರಿನವನೆಂಬ ಕಾರಣಕ್ಕೆ ತೂಕದಲ್ಲಿ ಮೋಸ ಮಾಡುವವನನ್ನು ಸಹಿಸಬೇಕಾಗಿಲ್ಲ. ತಕ್ಕಡಿಯ ಮುಳ್ಳನ್ನು ನೋಡುವುದನ್ನೂ ಮಗುವಿಗೆ ಕಲಿಸಬೇಕು.

ಇನ್ನೊಂದು ಸಂಗತಿಯನ್ನು ಈ ಭಾಗದ ಭಕ್ತರು ಚೆನ್ನಾಗಿ ಬಲ್ಲರು. ಹೊಗೆಸೊಪ್ಪಿನ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಆರಂಭವಾಗುತ್ತದೆ. ಅದಕ್ಕೂ ಮುಂಚಿನ ಬರಿಗೈಯ ತಿಂಗಳುಗಳಲ್ಲಿ ಅಕ್ಕಿ, ಬೇಳೆ, ಎಣ್ಣೆಯನ್ನು ಸಾಲವಾಗಿ ಕೊಟ್ಟು ಮನೆ ನಡೆಸುವವನು ಊರಿನ ಅಂಗಡಿಯವನೇ. ಮೈಸೂರಿನ ಮಾಲುಗಳಲ್ಲಿ ಸಾಲದ ಪುಸ್ತಕವಿಲ್ಲ. ಆದರೆ ಹಣ ಖಾತೆಗೆ ಬಿದ್ದೊಡನೆ ಸಂಸಾರವೆಲ್ಲ ಮೈಸೂರಿನ ಬಸ್ಸು ಹತ್ತುತ್ತದೆ, ಅಂಗಡಿಯವನ ಬಾಕಿ ಮುಂದಿನ ತಿಂಗಳಿಗೆ ಹೋಗುತ್ತದೆ. ಮಗು ಇದನ್ನು ನೋಡುತ್ತಿರುತ್ತದೆ. ಮೈಸೂರಿಗೆ ಹೋಗಬಾರದೆಂದಲ್ಲ, ಹೊರಡುವ ಮುನ್ನ ತಂದೆಯು ಮಗುವನ್ನು ಕರೆದುಕೊಂಡು ಆ ಅಂಗಡಿಗೆ ಹೋಗಿ, ಪುಸ್ತಕ ತೆರೆಸಿ, ಮೊತ್ತವನ್ನು ಮಗುವಿನಿಂದಲೇ ಕೂಡಿಸಿ, ಬಾಕಿ ತೀರಿಸಿ, ಹೆಸರಿನ ಮೇಲೆ ಗೀಟು ಎಳೆಯುವುದನ್ನು ತೋರಿಸಬಹುದು. ಬಸ್ಸು ಆಮೇಲೆಯೂ ಇರುತ್ತದೆ.