ಕಾರಿನ ನೆತ್ತಿಗೆ ಯಾವ ಬಣ್ಣ?

ಸೀರೆಗೆ ಒಪ್ಪುವ ಅಂಚು ಯಾವುದು, ಗೋಡೆಗೆ ಒಪ್ಪುವ ಪರದೆ ಯಾವುದು ಎಂದು ಕೇಳಲು ಹೆಂಗಸರು ಬೇಕು. ಕಾರಿಗೆ ಬಣ್ಣ ಹೊಡೆಸುವ ಮಾತು ಬಂದಾಗ ಮಾತ್ರ ನಮ್ಮ ಕಣ್ಣಿಗೆ ಪೊರೆ ಬಂದುಬಿಡುತ್ತದೆಯೇ? ಅಪ್ಪ ಬಿಟ್ಟುಹೋದ 1978ರ ಪ್ರೀಮಿಯರ್ ಪದ್ಮಿನಿ ನನ್ನ ಹೆಸರಿನಲ್ಲಿದೆ. ಓಡಿಸುವವಳು ನಾನು, ಪೇಂಟಿಂಗಿಗೆ ದುಡ್ಡು ಕೊಡುವವಳೂ ನಾನೇ. ಆದರೂ ಪೇಂಟರು, "ಅಕ್ಕಾರ, ಸಾಹೇಬ್ರಿಗೆ ಒಂದು ಫೋನ್ ಹಚ್ಚಿ ಕೊಡ್ರಿ, ಅವರನ್ನ ಕೇಳಿ ಬಣ್ಣ ಕಲಸ್ತೀನಿ" ಎಂದ. ನಮ್ಮ ಸಾಹೇಬರಿಗೆ ಕಾರು ಬಿಡಲು ಬರುವುದಿಲ್ಲ! ಗಾಡಿಗೆ ಪದ್ಮಿನಿ ಎಂದು ಹೆಣ್ಣಿನ ಹೆಸರಿಟ್ಟವರೂ ಹೆಣ್ಣನ್ನು ಕೇಳಿ ಇಟ್ಟಿರಲಾರರು ಬಿಡಿ.

ಮನೆಯಲ್ಲಿ ಅಕ್ಕನ ಮಗನದು ಒಂದೇ ಹಟ: "ಕೆಳಗೆ ನೀಲಿ ಇರಲಿ ಚಿಕ್ಕಮ್ಮ, ಟಾಪಿಗೆ ಮ್ಯಾಟ್ ಕಪ್ಪು ಹೊಡಸು. ಮಂದಿ ತಿರುಗಿ ನೋಡಬೇಕು." ತಿರುಗಿ ನೋಡುವ ಮಂದಿ ಹೊರಗಿರುತ್ತಾರೆ, ಒಳಗೆ ಕೂತು ಬೇಯುವವಳು ನಾನು. ಇದು ರಾಯಚೂರು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನನ್ನ ಗಾಡಿಗೆ ಏ.ಸಿ. ಇಲ್ಲ. ನೆತ್ತಿಯ ಮೇಲಿರುವುದು ಒಂದು ತಗಡು, ಅದರ ಕೆಳಗೊಂದು ಬಟ್ಟೆಯ ಅಸ್ತರು, ಅಷ್ಟೆ. ನಡುಮಧ್ಯಾಹ್ನದ ಬಿಸಿಲನ್ನು ನೇರವಾಗಿ ಹೊರುವ ಆ ತಗಡಿಗೇ ಕಪ್ಪು ಬಳಿಯಬೇಕೆ? ಬೇಸಿಗೆಯಲ್ಲಿ ಮನೆಯ ಮಾಳಿಗೆಗೆ ಬಿಳಿ ಸುಣ್ಣ ಹೊಡೆಸುವ ಜನ ನಾವು. ಬಿಸಿಲಿನ ದೇಶಗಳಿಗೆಂದು ಕಳಿಸುತ್ತಿದ್ದ ಹಳೆಯ ಲ್ಯಾಂಡ್ ರೋವರ್‌ಗಳಿಗೆ ಟಾಪಿನ ಮೇಲೆ ಇನ್ನೊಂದು ತಗಡು ಹೊದಿಸಿ, ನಡುವೆ ಗಾಳಿಯಾಡಲು ಜಾಗ ಬಿಡುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದ ಮುಂಬೈನ ಪದ್ಮಿನಿ ಟ್ಯಾಕ್ಸಿಗಳಿಗೂ ಮೈಯೆಲ್ಲ ಕಪ್ಪಿದ್ದರೆ ಟಾಪ್ ಮಾತ್ರ ಹಳದಿ.

ಇನ್ನು ಆ ಮ್ಯಾಟ್. ನೋಡಲು ಚೆಂದ, ಬಾಳಿಸುವುದು ಕಷ್ಟ. ಹೊಳಪಿನ ಬಣ್ಣಕ್ಕೆ ಗೀರು ಬಿದ್ದರೆ ರಬ್ಬಿಂಗ್ ಮಾಡಿ ಪಾಲಿಶ್ ಹಚ್ಚಬಹುದು. ಮ್ಯಾಟನ್ನು ಉಜ್ಜಿದಿರೋ, ಉಜ್ಜಿದಷ್ಟೇ ಜಾಗ ಹೊಳೆದು ತೇಪೆಯಂತೆ ಕಾಣುತ್ತದೆ. ನನ್ನ ಗಾಡಿ ನಿಲ್ಲುವುದು ಬೇವಿನ ಮರದ ಕೆಳಗೆ. ಕಾಗೆಗಳಿಗೆ ಮ್ಯಾಟ್ ಯಾವುದು ಎಂಬ ಭೇದವಿಲ್ಲ. ಮೆಟಾಲಿಕ್ಕೂ ಬೇಡ ಎಂದೆ. ಒಂದು ಮೂಲೆ ಕೆಟ್ಟರೆ ಅದೇ ಛಾಯೆ ಕೂಡಿಸುವುದರಲ್ಲಿ ಪೇಂಟರಿಗೂ ಸಾಕುಸಾಕಾಗುತ್ತದೆ. ಎನ್.ಸಿ. ಬಣ್ಣ ಅಗ್ಗ, ಬೇಗ ಒಣಗುತ್ತದೆ, ಬಿಸಿಲಿಗೆ ಬೇಗ ಮಂಕೂ ಆಗುತ್ತದೆ. ಪಿ.ಯು. ಗಟ್ಟಿ. ಆದರೆ ಅದನ್ನು ಹೊಡೆಯುವ ಹುಡುಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಅದರ ಹಾರ್ಡ್ನರಿನಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಮಾಸ್ಕ್ ಇಲ್ಲದೆ ಗನ್ ಹಿಡಿಯಕೂಡದು ಎಂದು ನಾನು ಹೇಳಿದಾಗ ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಗಲಿ.

"ಬಿಳಿ ಟಾಪಿನ ಮೇಲೆ ಧೂಳು ಕಾಣ್ತದ" ಎಂದು ಮೈದುನ ಕೊನೆಯ ಬಾಣ ಬಿಟ್ಟ. ಅಡಿಗೆಮನೆಯ ಕಪ್ಪು ಗ್ರಾನೈಟ್ ಕಟ್ಟೆಯನ್ನು ದಿನಾ ಒರೆಸುವ ನೀವೇ ಹೇಳಿ, ಧೂಳು ಯಾವುದರ ಮೇಲೆ ಹೆಚ್ಚು ಕಾಣುತ್ತದೆ? ಕಂಪನಿಯ ಮೂಲ ಬಣ್ಣವೇ ಇರಬೇಕು, ಇಲ್ಲದಿದ್ದರೆ ಬೆಲೆ ಹೋಗುತ್ತದೆ ಎಂಬುದು ಇನ್ನೊಂದು ವಾದ. ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯುವವರಿಗೆ ಆ ಮಾತು ಸರಿ, ಅದನ್ನು ನಾನು ಒಪ್ಪುತ್ತೇನೆ. ನಾನು ಒಯ್ಯುವುದು ತರಕಾರಿ ಮಾರುಕಟ್ಟೆಗೆ, ಮಾರುವ ಯೋಚನೆಯೂ ಇಲ್ಲ.

ಅಂತೂ ಹೊಳಪಿನ ಕೆನೆ ಬಣ್ಣ ಎಂದು ನಾನೇ ತೀರ್ಮಾನಿಸಿದೆ. ಆಸ್ಪತ್ರೆ ವ್ಯಾನಿನ ಆ ಬೆಳ್ಳನೆ ಬಿಳಿ ಅಲ್ಲ, ಹಳೆಯ ನೀಲಿಗೆ ಒಪ್ಪುವಂತೆ ತುಸು ಹಳದಿ ಬೆರೆತದ್ದು. ಬಾಗಿಲ ಮೇಲೆ ಮಳೆನೀರು ಇಳಿಯಲು ಇರುವ ಸಣ್ಣ ಕಾಲುವೆಗೆ ಕೆನೆ ನಿಲ್ಲಬೇಕು, ನೀಲಿ ಅಲ್ಲಿಂದ ಕೆಳಗೆ. ಆ ಕಾಲುವೆಯಲ್ಲೇ ತುಕ್ಕು ಹುಟ್ಟುವುದು. ಅದನ್ನು ಕೆರೆಯದೆ ಪುಟ್ಟಿ ಮೆತ್ತಿದರೆ ಒಂದು ಮಳೆಗಾಲದಲ್ಲಿ ಬಣ್ಣ ಉಬ್ಬಿ ಬರುತ್ತದೆ. ಹಾಗಾಗಿ ಕೆರೆದು ತಗಡು ಕಾಣುವವರೆಗೆ ಪ್ರೈಮರ್ ಮುಟ್ಟಬೇಡ ಎಂದು ಪೇಂಟರಿಗೆ ಹೇಳಿದ್ದೇನೆ. ಬಣ್ಣ ಬದಲಾದದ್ದನ್ನು ಆರ್.ಸಿ.ಯಲ್ಲಿ ಬರೆಸಲು ಆರ್.ಟಿ.ಓ. ಕಚೇರಿಗೆ ಹೋಗಬೇಕು. ಅಲ್ಲಿಯೂ ಸಾಹೇಬರನ್ನು ಕೇಳಿದರೆ, ಮನೆಯ ನಂಬರು ಕೊಟ್ಟು ಬರುವವಳಲ್ಲ ನಾನು.