ಲ್ಯಾಪ್‌ಟಾಪ್ ಸ್ಕ್ರೀನ್ ಪಿಳಪಿಳ ಅಂದರೆ ವೈರಸ್ಸಾ, ಕರೆಂಟಾ, ಕೇಬಲ್ಲಾ? ರಿಪೇರಿಗೆ ಒಯ್ಯುವ ಮುನ್ನ ಇಷ್ಟು ನೋಡಿ

ಲ್ಯಾಪ್‌ಟಾಪ್ ಸ್ಕ್ರೀನ್ ಹತ್ತಿ ಆರತೊಡಗಿದರೆ ಸುತ್ತಲಿನವರು ತಲೆಗೊಂದು ಕಾರಣ ಹೇಳುತ್ತಾರೆ. ವೈರಸ್ ಬಂದಿದೆ ಎನ್ನುತ್ತಾರೆ ಒಬ್ಬರು. ಕರೆಂಟು ಹೆಚ್ಚುಕಡಿಮೆ ಆಗಿ ಸುಟ್ಟಿದೆ ಎನ್ನುತ್ತಾರೆ ಇನ್ನೊಬ್ಬರು. ಫ್ರಿಜ್‌ನಲ್ಲಿ ಹತ್ತು ನಿಮಿಷ ಇಟ್ಟು ನೋಡು ಎನ್ನುವವರೂ ಇದ್ದಾರೆ. ಕೊನೆಗೆ ಅಂಗಡಿಗೆ ಒಯ್ದರೆ ಒಂದೇ ಮಾತು: "ಡಿಸ್‌ಪ್ಲೇನೇ ಹೋಗ್ಯಾದ್ರಿ, ಹೊಸಾದು ಹಾಕಬೇಕು."

ಇವುಗಳಲ್ಲಿ ಯಾವುದು ನಿಜ? ಸ್ಕ್ರೀನ್ ಮಿನುಗುವುದು ಒಂದು ರೋಗವಲ್ಲ, ಲಕ್ಷಣ. ಜ್ವರ ಇದ್ದ ಹಾಗೆ. ನೆಗಡಿಗೂ ಜ್ವರ ಬರುತ್ತದೆ, ಮಲೇರಿಯಾಕ್ಕೂ ಬರುತ್ತದೆ. ಸ್ಕ್ರೀನ್ ಮಿನುಗುವುದರ ಹಿಂದಿನ ಕಾರಣ ಕಾಸು ಖರ್ಚಿಲ್ಲದೆ ಸರಿಹೋಗುವ ಸೆಟ್ಟಿಂಗ್ ಇರಬಹುದು, ನೂರುಗಳ ಲೆಕ್ಕದ ಕೇಬಲ್ ಇರಬಹುದು, ಸಾವಿರಗಳ ಲೆಕ್ಕದ ಪ್ಯಾನೆಲ್ ಅಥವಾ ಮದರ್‌ಬೋರ್ಡ್ ಕೂಡ ಇರಬಹುದು. ಸಮಾಧಾನದ ಸಂಗತಿ ಏನೆಂದರೆ, ಇವುಗಳಲ್ಲಿ ಯಾವುದು ಎಂಬುದನ್ನು ಮನೆಯಲ್ಲೇ ಅರ್ಧ ಗಂಟೆಯಲ್ಲಿ ಬಹುಮಟ್ಟಿಗೆ ಪತ್ತೆಹಚ್ಚಬಹುದು. ಸ್ಕ್ರೂ ಡ್ರೈವರ್ ಕೂಡ ಬೇಡ.

ಬೆಂಗಳೂರಿನಲ್ಲಿದ್ದವರಿಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸದಿರಬಹುದು. ಚಿಂಚೋಳಿ ತಾಲ್ಲೂಕಿನ ಕುಂಚಾವರಂನಂಥ ಊರಿನಲ್ಲಿ ಹಾಗಲ್ಲ. ಒಂದು ಕಡೆ ಚಿಂಚೋಳಿ ವನ್ಯಜೀವಿ ಧಾಮದ ಕಾಡು, ಮತ್ತೊಂದು ಕಡೆ ತೆಲಂಗಾಣದ ಗಡಿ, ನಡುವೆ ಚದುರಿಕೊಂಡ ತಾಂಡಾಗಳು. ಕಂಪನಿಯ ಸರ್ವಿಸ್ ಸೆಂಟರ್ ಹುಡುಕಿಕೊಂಡು ಕಲಬುರಗಿಗೋ ಹೈದರಾಬಾದಿಗೋ ಹೋದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋದವು. "ಪಾರ್ಟ್ ಬಂದ ಮೇಲೆ ಫೋನ್ ಮಾಡ್ತೀವಿ" ಅಂದರೆ ಇನ್ನೊಂದು ಸಲ ಹೋಗಬೇಕು. 371ಜೆ ಪ್ರಮಾಣಪತ್ರದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಪ್ರಾಜೆಕ್ಟ್ ಎಲ್ಲವೂ ಆ ಒಂದೇ ಲ್ಯಾಪ್‌ಟಾಪ್ ಮೇಲೆ ನಿಂತಿರುವ ಮನೆಗಳಿವೆ. ಅಂಥಲ್ಲಿ ತಪ್ಪು ಭಾಗ ಬದಲಿಸಿಕೊಂಡು ಬಂದರೆ ನಷ್ಟ ದುಡ್ಡಿನದಷ್ಟೇ ಅಲ್ಲ, ಅರ್ಜಿಯ ಕೊನೆ ದಿನಾಂಕವೂ ದಾಟಿಹೋಗುತ್ತದೆ.

ವೈರಸ್ ಬಂದರೆ ಸ್ಕ್ರೀನ್ ಮಿನುಗುತ್ತದೆಯೇ?

ಬಹುಮಟ್ಟಿಗೆ ಇಲ್ಲ. ಮಾಹಿತಿ ಕದಿಯಲು ಬರುವ ವೈರಸ್‌ಗೆ ಸದ್ದಿಲ್ಲದೆ ಅಡಗಿ ಕೂರುವುದೇ ಲಾಭ. ಸ್ಕ್ರೀನ್ ಕುಣಿಸಿ "ನಾನು ಬಂದಿದ್ದೇನೆ" ಎಂದು ಅದು ಡಂಗುರ ಸಾರುವುದಿಲ್ಲ. ಮಿನುಗುವುದಕ್ಕೆ ಸಾಫ್ಟ್‌ವೇರ್ ಕಾರಣವಾದಾಗ ಅದು ಹೆಚ್ಚಾಗಿ ಎರಡರಲ್ಲಿ ಒಂದು: ಸ್ಕ್ರೀನಿಗೆ ಚಿತ್ರ ಕಳಿಸುವ ಡಿಸ್‌ಪ್ಲೇ ಡ್ರೈವರ್, ಅಥವಾ ವಿಂಡೋಸ್ ಜೊತೆ ಹೊಂದಿಕೊಳ್ಳದ ಯಾವುದೋ ಆ್ಯಪ್.

ಇವೆರಡನ್ನೂ ಬೇರ್ಪಡಿಸಲು ಮೈಕ್ರೋಸಾಫ್ಟ್ ಕಂಪನಿಯೇ ಒಂದು ಸರಳ ಪರೀಕ್ಷೆ ಹೇಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಉಳಿದದ್ದೆಲ್ಲ ಮಿನುಗುತ್ತಿದ್ದು ಟಾಸ್ಕ್ ಮ್ಯಾನೇಜರ್ ಮಾತ್ರ ಸ್ಥಿರವಾಗಿ ನಿಂತಿದ್ದರೆ ಅನುಮಾನ ಆ್ಯಪ್ ಮೇಲೆ. ಇತ್ತೀಚೆಗೆ ಹಾಕಿಕೊಂಡಿದ್ದನ್ನು ತೆಗೆದು ನೋಡಿ. ಟಾಸ್ಕ್ ಮ್ಯಾನೇಜರ್ ಕೂಡ ಕುಣಿಯುತ್ತಿದ್ದರೆ ಡ್ರೈವರ್ ಮೇಲೆ ಅನುಮಾನ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳ ಜೊತೆ ಬಿ ಒತ್ತಿದರೆ ಡ್ರೈವರ್ ಮತ್ತೆ ಶುರುವಾಗುತ್ತದೆ. ಒಮ್ಮೆ ಸ್ಕ್ರೀನ್ ಕಪ್ಪಾಗಿ ಬೀಪ್ ಸದ್ದು ಬರಬಹುದು, ಗಾಬರಿ ಬೇಡ. ವಿಂಡೋಸ್ ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಹುಡುಕಿ ಹಳೆಯ ಡ್ರೈವರ್‌ಗೆ ಮರಳುವ ಆಯ್ಕೆ ಇದೆ.

ವೈರಸ್ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಇಂಟರ್‌ನೆಟ್ ನೋಡುತ್ತಿರುವಾಗ ಇಡೀ ಸ್ಕ್ರೀನ್ ತುಂಬ ಕೆಂಪು ಎಚ್ಚರಿಕೆ ಮಿನುಗಿ, "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಬಂದರೆ ಅದು ಹಾರ್ಡ್‌ವೇರ್ ತೊಂದರೆಯೂ ಅಲ್ಲ, ವೈರಸ್ಸೂ ಅಲ್ಲ. ಅದೊಂದು ವೆಬ್ ಪುಟ, ಹಣ ಕೀಳುವ ಬಲೆ. ಕರೆ ಮಾಡಿದರೆ ಆ ಕಡೆಯವರು ನಿಮ್ಮ ಲ್ಯಾಪ್‌ಟಾಪನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸುತ್ತಾರೆ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ, ಆಗದಿದ್ದರೆ ಪವರ್ ಬಟನ್ ಹಿಡಿದು ಆರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಿಜವಾದ ಪರೀಕ್ಷೆ: ವಿಂಡೋಸ್ ಬರುವ ಮೊದಲೇ ನೋಡಿ

ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಎಫ್2 ಅಥವಾ ಡಿಲೀಟ್ ಕೀ (ಕೆಲವು ಬ್ರ್ಯಾಂಡ್‌ಗಳಲ್ಲಿ ಎಫ್10) ಒತ್ತುತ್ತಿದ್ದರೆ ಬಯಾಸ್ ಎಂಬ ಸೆಟ್ಟಿಂಗ್ ಪುಟ ಬರುತ್ತದೆ. ಅಲ್ಲಿ ಏನನ್ನೂ ಬದಲಿಸಬೇಡಿ, ಐದು ನಿಮಿಷ ಸುಮ್ಮನೆ ನೋಡಿ. ಆ ಹಂತದಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ, ಆ್ಯಪ್ಪೂ ಇಲ್ಲ. ಅಲ್ಲೂ ಸ್ಕ್ರೀನ್ ಮಿನುಗಿದರೆ ತೊಂದರೆ ಹಾರ್ಡ್‌ವೇರ್‌ನದು. ಅಂಥ ಯಂತ್ರಕ್ಕೆ "ಫಾರ್ಮ್ಯಾಟ್ ಹೊಡೆದರೆ ಸರಿ ಆಗ್ತದ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ನಿಮ್ಮ ಫೋಟೊ, ಫೈಲುಗಳು ಹೋಗುತ್ತವೆ, ಮಿನುಗುವುದು ಹಾಗೇ ಉಳಿಯುತ್ತದೆ.

ಮುಂದಿನದು ಟಿವಿ ಪರೀಕ್ಷೆ. ಎಚ್‌ಡಿಎಂಐ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ಮನೆಯ ಟಿವಿಗೋ ಶಾಲೆಯ ಪ್ರೊಜೆಕ್ಟರ್‌ಗೋ ಜೋಡಿಸಿ. ಟಿವಿಯಲ್ಲಿ ಚಿತ್ರ ನೆಟ್ಟಗಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕುಣಿಯುತ್ತಿದ್ದರೆ ಗ್ರಾಫಿಕ್ಸ್ ಭಾಗ ಬಹುತೇಕ ಚೆನ್ನಾಗಿದೆ, ತೊಂದರೆ ಕೇಬಲ್ ಅಥವಾ ಪ್ಯಾನೆಲ್‌ನಲ್ಲಿದೆ. ಟಿವಿಯಲ್ಲೂ ಗೆರೆ, ಚೌಕಗಳು ಬಂದರೆ ಡ್ರೈವರ್ ಅಥವಾ ಬೋರ್ಡ್ ಕಡೆ ನೋಡಬೇಕು.

ಇನ್ನು ಕೀಲು. ನಮ್ಮ ಪ್ರಕಾರ ಮೂರು ವರ್ಷ ದಾಟಿದ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಅನುಮಾನಿಸಬೇಕಾದ ಜಾಗ ಇದೇ. ಬೋರ್ಡಿನಿಂದ ಸ್ಕ್ರೀನಿಗೆ ಹೋಗುವ ತೆಳ್ಳನೆಯ ಕೇಬಲ್, ಮುಚ್ಚಳದ ಕೀಲಿನ ಪಕ್ಕದಲ್ಲಿ ಅಥವಾ ಒಳಗೆ ಹಾದುಹೋಗುತ್ತದೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೆ ಅದೂ ಹತ್ತು ಸಲ ಮಡಚುತ್ತದೆ. ಮೊಬೈಲ್ ಚಾರ್ಜರ್ ವೈರ್ ಬುಡದಲ್ಲೇ ಕಿತ್ತುಹೋಗುವುದನ್ನು ನೋಡಿದ್ದೀರಲ್ಲ, ಅದೇ ಕಥೆ. ಸ್ಕ್ರೀನನ್ನು ನಿಧಾನಕ್ಕೆ ಮುಂದಕ್ಕೆ, ಹಿಂದಕ್ಕೆ ಬಾಗಿಸಿ. ಒಂದು ಕೋನದಲ್ಲಿ ಸರಿ ಇದ್ದು ಇನ್ನೊಂದು ಕೋನದಲ್ಲಿ ಮಿನುಗಿದರೆ ಕೇಬಲ್ ಅಥವಾ ಅದರ ಕನೆಕ್ಟರ್ ಎಂದು ಧೈರ್ಯವಾಗಿ ಊಹಿಸಬಹುದು.

ಇದು ಅಗ್ಗದ ಲ್ಯಾಪ್‌ಟಾಪ್‌ಗಳ ಹಣೆಬರಹ ಎಂದುಕೊಳ್ಳಬೇಡಿ. ಆ್ಯಪಲ್ ಕಂಪನಿಯ 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪ್‌ಗಳಲ್ಲಿ ಇದೇ ತೆಳ್ಳನೆ ಕೇಬಲ್ ಸವೆದು, ಸ್ಕ್ರೀನಿನ ಕೆಳಭಾಗದಲ್ಲಿ ಬೆಳಕಿನ ಪಟ್ಟೆಗಳು ಕಾಣಿಸಿಕೊಂಡವು. ದೂರುಗಳು ಹೆಚ್ಚಾದ ಮೇಲೆ 2019ರ ಮೇ ತಿಂಗಳಲ್ಲಿ ಕಂಪನಿ ಉಚಿತ ದುರಸ್ತಿ ಘೋಷಿಸಿತು.

ಕರೆಂಟು, ಬಿಸಿಲು, ದೂಳು

ಜೆಸ್ಕಾಂ ಲೈನಿನಲ್ಲಿ ವೋಲ್ಟೇಜ್ ಇಳಿದರೆ ಮನೆಯ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಸ್ಕ್ರೀನೂ ಅದರಿಂದಲೇ ಮಿನುಗುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಆ ನಡುವೆ ಎಷ್ಟೇ ಇದ್ದರೂ ಅವು ಒಂದೇ ಮಟ್ಟದ ಡಿಸಿ ವಿದ್ಯುತ್ತನ್ನು ಕೊಡುತ್ತವೆ, ಹಿಂದೆ ಬ್ಯಾಟರಿಯ ಆಸರೆಯೂ ಇದೆ. ಪರೀಕ್ಷಿಸಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಚಾರ್ಜರ್ ಹಾಕಿದಾಗ ಮಾತ್ರ ಮಿನುಗಿದರೆ ಚಾರ್ಜರ್ ಅಥವಾ ಮನೆಯ ಅರ್ಥಿಂಗ್ ನೋಡಿಸಿ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ಚಾರ್ಜರ್ ತೆಗೆದ ಕೂಡಲೇ ಬೆಳಕು ಒಮ್ಮೆ ಕುಗ್ಗುವುದು ಬ್ಯಾಟರಿ ಉಳಿಸುವ ಸೆಟ್ಟಿಂಗ್, ಕೆಟ್ಟಿರುವುದಲ್ಲ.

ಬಿಸಿಲಿನ ಮಾತು ಬೇರೆ. ಬಹುತೇಕ ಲ್ಯಾಪ್‌ಟಾಪ್‌ಗಳ ಕೈಪಿಡಿ ಸುತ್ತಲಿನ ತಾಪಮಾನ 35 ಡಿಗ್ರಿ ಮೀರದಿರಲಿ ಎನ್ನುತ್ತದೆ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ 40 ದಾಟುವುದು ಸಾಮಾನ್ಯ, ತಗಡಿನ ಮನೆಯೊಳಗೆ ಕೇಳುವುದೇ ಬೇಡ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ದೂಳು, ಶಹಾಬಾದ್, ಚಿತ್ತಾಪುರದ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ದೂಳು ನೇರವಾಗಿ ಸ್ಕ್ರೀನನ್ನು ಮಿನುಗಿಸುವುದಿಲ್ಲ. ಆದರೆ ಫ್ಯಾನಿನ ಕಿಂಡಿ ಮುಚ್ಚಿ ಒಳಗಿನ ಕಾವನ್ನು ಹೆಚ್ಚಿಸುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ಮಿನುಗಲು ಶುರುವಾದರೆ, ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲಿಡಿ, ಫ್ಯಾನ್ ಶುಚಿ ಮಾಡಿಸಿ.

ಫ್ರಿಜ್ ಸಲಹೆಯ ಬೇರು ಕೂಡ ಕಾವಿನಲ್ಲೇ ಇದೆ. ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ 4 ಸ್ಕ್ರೀನುಗಳು ಬಿಸಿಯಾದಾಗ ಮಿನುಗುತ್ತಿದ್ದವು. ಕೆಲವು ಬಳಕೆದಾರರು ಅದನ್ನು ಫ್ರೀಜರ್‌ನಲ್ಲಿಟ್ಟು ಸ್ವಲ್ಪ ಹೊತ್ತು ಕೆಲಸ ಮಾಡಿಕೊಳ್ಳುತ್ತಿದ್ದರು. 2018ರಲ್ಲಿ ಕಂಪನಿ, ಕೊಂಡು ಮೂರು ವರ್ಷ ಆಗದ ಅಂಥ ಯಂತ್ರಗಳನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಅಂದರೆ ಫ್ರೀಜರ್ ಏನನ್ನೂ ರಿಪೇರಿ ಮಾಡಿರಲಿಲ್ಲ. ತಣ್ಣಗಿನ ಯಂತ್ರವನ್ನು ನಮ್ಮ ಬಿಸಿಲಿಗೆ ತೆಗೆದರೆ ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ ಬೋರ್ಡಿನ ಮೇಲೂ ಹನಿ ಕಟ್ಟುತ್ತದೆ. ಮಾಡಬೇಡಿ.

ಮ್ಯಾಗ್ನೆಟ್ ವಿಷಯದಲ್ಲಿ ಮಾತ್ರ ಜನರ ಅನುಮಾನಕ್ಕೆ ಅರ್ಧ ಅಂಕ ಕೊಡಬಹುದು. ಮುಚ್ಚಳ ಮುಚ್ಚಿತೇ ಎಂದು ತಿಳಿಯಲು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಣ್ಣ ಮ್ಯಾಗ್ನೆಟ್ ಸೆನ್ಸರ್ ಇರುತ್ತದೆ. ಮ್ಯಾಗ್ನೆಟ್ ಇರುವ ಮೊಬೈಲ್ ಕವರನ್ನೋ ವಾಚ್ ಪಟ್ಟಿಯನ್ನೋ ಅದರ ಮೇಲಿಟ್ಟರೆ, ಮುಚ್ಚಳ ಮುಚ್ಚಿದೆ ಎಂದುಕೊಂಡು ಸ್ಕ್ರೀನ್ ಆರುತ್ತದೆ. ಕವರ್ ಸರಿಸಿದರೆ ರಿಪೇರಿ ಮುಗಿಯಿತು.

ಕಣ್ಣು ಹೋಗುತ್ತದೆಯೇ?

ಇಲ್ಲ. ಕಣ್ಣಿಗೆ ಕಾಣುವಂತೆ ಮಿನುಗುವ ಸ್ಕ್ರೀನ್ ನೋಡಿದರೆ ತಲೆನೋವು, ಕಣ್ಣುರಿ ಬರಬಹುದು, ದೃಷ್ಟಿ ಹೋಗುವುದಿಲ್ಲ. ಬೆಳಕು ಕಡಿಮೆ ಮಾಡಿದಾಗ ಹಲವು ಸ್ಕ್ರೀನುಗಳು ಹಿಂದಿನ ಎಲ್ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಹತ್ತಿಸಿ ಆರಿಸುತ್ತವೆ. ಅದು ನಮಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ, ಬ್ರೈಟ್‌ನೆಸ್ ಏರಿಸಿ ನೋಡಬಹುದು. ಮೊಬೈಲ್ ಕ್ಯಾಮೆರಾದಲ್ಲಿ ಸ್ಕ್ರೀನ್ ನೋಡಿದಾಗ ಹರಿಯುವ ಪಟ್ಟೆಗಳು ಕಾಣುವುದೂ ಇಂಥದ್ದರಿಂದಲೇ. ಪಟ್ಟೆ ಕಂಡಿತೆಂದರೆ ಸ್ಕ್ರೀನ್ ಕೆಟ್ಟಿದೆ ಎಂದಲ್ಲ.

ನಿಜವಾಗಿ ಎಚ್ಚರ ಬೇಕಿರುವುದು ಬೆಳಕಿನಿಂದ ಫಿಟ್ಸ್ ಬರುವ ತೊಂದರೆ ಇರುವವರಿಗೆ. ಸೆಕೆಂಡಿಗೆ ಸುಮಾರು 3ರಿಂದ 30 ಸಲ ಮಿನುಗುವ ಬೆಳಕು ಅವರಿಗೆ ಅಪಾಯ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನ ಮಿನುಗು ದೃಶ್ಯ ನೋಡಿ ಆರುನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮನೆಯಲ್ಲಿ ಅಂಥವರಿದ್ದರೆ ಆ ಲ್ಯಾಪ್‌ಟಾಪ್ ರಿಪೇರಿ ಆಗುವವರೆಗೆ ದೂರ ಇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗದು. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಅಂಗಡಿಗೆ ಹೋಗುವಾಗ

ವಾರಂಟಿ ಇದ್ದರೆ ಯಾರಿಂದಲೂ ಬಿಚ್ಚಿಸಬೇಡಿ. ಕಂಪನಿಗೆ ಫೋನ್ ಮಾಡಿ ಸೀರಿಯಲ್ ನಂಬರ್, ಪಿನ್‌ಕೋಡ್ ಹೇಳಿ, ಮನೆಗೇ ಬರುತ್ತಾರಾ ಕೇಳಿ. ಬಸ್ ಹತ್ತುವ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆ: ಈ ಮಾಡೆಲ್ಲಿನ ಕೇಬಲ್, ಪ್ಯಾನೆಲ್ ಸ್ಟಾಕಿನಲ್ಲಿ ಇದೆಯಾ? ಸ್ಕ್ರೀನ್ ಮಿನುಗುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಅಂಗಡಿ ಮುಟ್ಟುವ ಹೊತ್ತಿಗೆ ಸ್ಕ್ರೀನ್ ಸುಮ್ಮನಾಗಿಬಿಡುವುದು ಇದರ ಹಳೇ ಚಾಳಿ. ಫೈಲುಗಳ ಬ್ಯಾಕಪ್ ತೆಗೆದು, ಬ್ಯಾಂಕ್, ಇಮೇಲ್ ಲಾಗಿನ್‌ಗಳಿಂದ ಹೊರಬನ್ನಿ. ಡಿಸ್‌ಪ್ಲೇ ಕೆಲಸಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಾಗುವುದಿಲ್ಲ, ಬಯಾಸ್ ಪುಟದಲ್ಲೇ ಪರೀಕ್ಷಿಸಬಹುದು.

"ಅಣ್ಣಾ, ಟಿವಿಗೆ ಹಾಕಿದ್ರ ಛಲೋ ಬರ್ತದ, ಮುಚ್ಚಳ ಬಾಗಿಸಿದ್ರ ಅಷ್ಟೇ ಮಿನುಗ್ತದ, ಮೊದಲು ಕೇಬಲ್ ನೋಡ್ರಿ" ಎಂದು ಹೇಳಿ. ಇಷ್ಟು ಹೇಳುವ ಗಿರಾಕಿಗೆ ಬೋರ್ಡ್ ಹೋಗಿದೆ ಎಂದು ಹೇಳುವುದು ಕಷ್ಟ. ನಮ್ಮ ಭಾಗದ ರಿಪೇರಿ ಅಂಗಡಿಯವರೆಲ್ಲ ಮೋಸ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಕೇಬಲ್ ಬದಲಿಸಿ ತೊಂದರೆ ಮರಳಿದರೆ ಬೈಗುಳ ತಿನ್ನಬೇಕಲ್ಲ ಎಂದು ನೇರ ಪ್ಯಾನೆಲ್ಲಿಗೇ ಕೈಹಾಕುವವರೂ ಇದ್ದಾರೆ.

ಪ್ಯಾನೆಲ್ ಬದಲಿಸಲೇಬೇಕಾದರೆ ಹಳೆಯದರ ಹಿಂದಿನ ಚೀಟಿಯ ಮಾಡೆಲ್ ನಂಬರಿನ ಫೋಟೊ ತೆಗೆದುಕೊಳ್ಳಿ. 15.6 ಇಂಚು ಎಂದಷ್ಟೇ ಹೇಳಿದರೆ ಸಾಲದು, ಕನೆಕ್ಟರ್ 30 ಪಿನ್ನೋ 40 ಪಿನ್ನೋ, ರೆಸಲ್ಯೂಷನ್ ಎಷ್ಟು ಎಂಬುದೂ ಹೊಂದಬೇಕು. ಕೆಲಸ ಮುಗಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ಮೊದಲಿದ್ದ 1920×1080 ಈಗ 1366×768 ಆಗಿದೆಯೇ ನೋಡಿ, ಪಕ್ಕಕ್ಕೆ ನಿಂತು ಬಣ್ಣ ತಿರುಗುತ್ತದೆಯೇ ನೋಡಿ. ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಬಿಲ್ ಬೇಡವೇ ಬೇಡ ಎನ್ನಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಲಾಗಿದೆ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಲ್ಯಾಪ್‌ಟಾಪ್ ಹೈದರಾಬಾದಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ಯಾವ ಕಂಪನಿಯ ಬಿಡಿಭಾಗ, ಕೈಪಿಡಿ ಎಲ್ಲಿ ಸಿಗುತ್ತದೆ ಎಂದು ತಿಳಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಕೂಡ ಶುರು ಮಾಡಿದೆ.

ರಿಪೇರಿಯ ಖರ್ಚು ಹಳೇ ಲ್ಯಾಪ್‌ಟಾಪಿನ ಅರ್ಧ ಬೆಲೆ ದಾಟುತ್ತದೆ ಎಂದಾದರೆ ರಿಪೇರಿಯನ್ನೇ ಬಿಡಬಹುದು. ಟಿವಿ ಪರೀಕ್ಷೆಯಲ್ಲಿ ಪಾಸಾದ ಯಂತ್ರವನ್ನು ಎಚ್‌ಡಿಎಂಐ ಕೇಬಲ್ ಹಾಕಿ ಟಿವಿ ಜೊತೆ ಕಾಯಂ ಡೆಸ್ಕ್‌ಟಾಪ್‌ನಂತೆ ಬಳಸಿ, ಅರ್ಜಿ ತುಂಬುವ ಕೆಲಸಕ್ಕೆ ಅಷ್ಟು ಸಾಕು. ಕಳಚಿದ ಹಳೇ ಪ್ಯಾನೆಲ್ಲನ್ನು ಮಾತ್ರ ತಿಪ್ಪೆಗೆ ಎಸೆಯಬೇಡಿ. ಹದಿನೈದು ವರ್ಷಕ್ಕಿಂತ ಹಳೆಯ ಸ್ಕ್ರೀನುಗಳ ಒಳಗೆ ಎಲ್ಇಡಿ ಬದಲು ಪಾದರಸ ಇರುವ ಸಣ್ಣ ಟ್ಯೂಬ್‌ಲೈಟ್ ಇರಬಹುದು.