ಹೆನ್ಸ್ ಪ್ರೂವ್ಡ್.. ಆದ್ರೆ ಏನು ಪ್ರೂವ್ ಆಯ್ತು?

ದೊಡ್ಡಬಳ್ಳಾಪುರವೋ ಹೊಸಕೋಟೆಯೋ, ದ್ವಿತೀಯ ಪಿಯು ಸೈನ್ಸ್ ಓದೋ ಯಾರನ್ನಾದರೂ ಕೇಳಿ ನೋಡಿ, ಸೆಕೆಂಡ್ ಡೆರಿವೇಟಿವ್ ಅಂದ್ರೇನಪ್ಪಾ ಅಂತ. "ಇನ್ನೊಂದ್ಸಲ ಡಿಫರೆನ್ಷಿಯೇಟ್ ಮಾಡೋದು ಸಾರ್" ಅಂತಾರೆ. ಅಡುಗೆ ಅಂದ್ರೇನು ಅಂದ್ರೆ ಒಲೆ ಹಚ್ಚೋದು ಅಂದ ಹಾಗಾಯ್ತು! ಹುಡುಗರ ತಪ್ಪಲ್ಲ ಬಿಡಿ. ಕಲಿಸೋದೇ ಹಾಗೆ.

ನಮ್ಮ ಪಿಯುಗೆ ಇರೋದು ಎನ್‌ಸಿಇಆರ್‌ಟಿ ಪುಸ್ತಕ. ಅದರ 5ನೇ ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಒಂದು ಲೆಕ್ಕ ಇದೆ. ವೈ′ ಮೊದಲ ಡೆರಿವೇಟಿವ್, ವೈ″ ಎರಡನೆಯದು ಅಂತಿಟ್ಟುಕೊಳ್ಳಿ. ಒಂದು ವೃತ್ತದ ಸಮೀಕರಣ ಕೊಟ್ಟು, (1 + ವೈ′²)ರ 3/2ನೇ ಘಾತವನ್ನು ವೈ″ನಿಂದ ಭಾಗಿಸಿದರೆ ಬರೋದು ಸ್ಥಿರಾಂಕ, ಕೇಂದ್ರ ಎಲ್ಲಿದ್ದರೂ ಅದು ಬದಲಾಗಲ್ಲ ಅಂತ ಸಾಧಿಸಿ ಅನ್ನುತ್ತೆ. ಅಷ್ಟೇ. ಆ ಸ್ಥಿರಾಂಕಕ್ಕೆ ಏನು ಅರ್ಥ ಅಂತ ಲೆಕ್ಕ ಕೇಳೋದೇ ಇಲ್ಲ.

ಮಾಡಿಯೇ ನೋಡೋಣ. ಸುಲಭದ ವೃತ್ತ: ಎಕ್ಸ್² + ವೈ² = 25. ವೈ ಅನ್ನು ಬಿಡಿಸಿಕೊಳ್ಳೋಕೆ ಹೋದರೆ ವರ್ಗಮೂಲ, ಪ್ಲಸ್-ಮೈನಸ್ ರಗಳೆ. ಇದ್ದ ಹಾಗೇ ಡಿಫರೆನ್ಷಿಯೇಟ್ ಮಾಡಿದರೆ (ಇಂಪ್ಲಿಸಿಟ್ ಅನ್ನೋದು ಇದಕ್ಕೇ) ಎಕ್ಸ್ + ವೈ·ವೈ′ = 0. ಇನ್ನೊಮ್ಮೆ ಮಾಡಿದರೆ 1 + ವೈ′² + ವೈ·ವೈ″ = 0. (3, 4) ಬಿಂದುವಿನಲ್ಲಿ ವೈ′ = −3/4, ವೈ″ = −25/64. ಈಗ ಆ ಭಾಗಾಕಾರ: 125/64 ÷ −25/64 = −5. ಐದು! ವೃತ್ತದ ತ್ರಿಜ್ಯ! ಮೈನಸ್ ಬಂದಿದ್ದು ಅಲ್ಲಿ ಗೆರೆ ಕೆಳಕ್ಕೆ ಬಾಗಿದೆ ಅಂತ ಹೇಳೋಕೆ.

ಅಂದ್ರೆ ಮೊದಲ ಡೆರಿವೇಟಿವ್ ದಿಕ್ಕು ಹೇಳುತ್ತೆ. ಎರಡನ್ನೂ ಸೇರಿಸಿದರೆ ಎಷ್ಟು ಬಾಗಿದೆ ಅಂತ ಗೊತ್ತಾಗುತ್ತೆ. ವೃತ್ತಕ್ಕೆ ಮಾತ್ರ ಅಲ್ಲ, ಬಾಗಿದ ಯಾವ ಗೆರೆಗೂ ಇದೇ ಸೂತ್ರ. ದೇವನಹಳ್ಳಿ ಕಡೆಯಿಂದ ಹೋಗಿ ನಂದಿ ಬೆಟ್ಟ ಹತ್ತುವಾಗ ತಿರುವಿನಲ್ಲಿ ಮೈ ವಾಲುತ್ತಲ್ಲ, ಅದರ ಲೆಕ್ಕವೂ ಈ ತ್ರಿಜ್ಯದ್ದೇ. ವೇಗ ಅಷ್ಟೇ ಇದ್ದು ತ್ರಿಜ್ಯ ಅರ್ಧ ಆದರೆ ಪಕ್ಕಕ್ಕೆ ಎಳೆತ ಎರಡು ಪಟ್ಟು. ರಸ್ತೆ ಹಾಕೋರು ತಿರುವಿನಲ್ಲಿ ರಸ್ತೆಯನ್ನು ಎಷ್ಟು ಓರೆ ಮಾಡಬೇಕು ಅಂತ ನೋಡೋದೂ ಇದರಿಂದಲೇ.

"ಸಿಲಬಸ್ ಮುಗಿಸೋಕೇ ಟೈಮಿಲ್ಲ, ಅದೆಲ್ಲ ಇಂಜಿನಿಯರಿಂಗಲ್ಲಿ ಬರುತ್ತೆ" ಅನ್ನೋದು ಮಾಮೂಲಿ ಉತ್ತರ. ಬರುತ್ತೆ, ನಿಜ. ವಿಟಿಯು ಮೊದಲ ವರ್ಷದ ಗಣಿತದಲ್ಲಿ ರೇಡಿಯಸ್ ಆಫ್ ಕರ್ವೇಚರ್ ಅಂತ, ಇನ್ನೊಂದು ಬಾಯಿಪಾಠದ ಫಾರ್ಮುಲಾ ಆಗಿ! ಮತ್ತೆ ಇಂಜಿನಿಯರಿಂಗಿಗೆ ಹೋಗದವರು ಏನು ಪಾಪ ಮಾಡಿದ್ರು ಸ್ವಾಮಿ? ಅರ್ಧ ಪುಟ ಲೆಕ್ಕ ಮಾಡಿಸೋಕೆ ಟೈಮಿದೆ, "ನೋಡ್ರಪ್ಪಾ, ಇದು ತ್ರಿಜ್ಯ" ಅನ್ನೋಕೆ ಒಂದು ನಿಮಿಷ ಇಲ್ವೇ?

ಐದು ಮಾರ್ಕ್ಸಿಗೆ ಹೆನ್ಸ್ ಪ್ರೂವ್ಡ್ ಸಾಕು. ತಲೆಗೆ ಸಾಲದು. ಏನಂತೀರಾ?